ಕೈಮಾ ಪೊಟ್ಟಣದ ಲೆಕ್ಕ: ಅಕ್ಕನಿಗೊಂದು ಪತ್ರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ. ನೀನು, ಭಾವ, ಮಕ್ಕಳು, ಅಪ್ಪ, ಅಮ್ಮ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಅಷ್ಟು ದುಬಾರಿ ದೇಶದಲ್ಲಿ ಮಾಂಸ ತಿಂದುಕೊಂಡು ತಿಂಗಳು ಹೇಗೋ ತಳ್ಳುತ್ತೀಯಾ ಅಂತ ನೀನು ಫೋನಿನಲ್ಲಿ ಕೇಳಿದೆ. ನಿನ್ನ ದೊಡ್ಡ ಮಗ ರೂಮು ಮಾಡಿಕೊಂಡು ತಾನೇ ಬೇಯಿಸಿಕೊಳ್ಳಲು ಹೊರಟಿದ್ದಾನೆ, ಅವನಿಗೂ ಸ್ವಲ್ಪ ಹೇಳು ಅಂದೆ. ಫೋನಿನಲ್ಲಿ ಹೇಳಿದ್ದು ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅವನ ಕೈಗೆ ಕೊಡು.

ನನ್ನ ಅಡುಗೆಯೆಲ್ಲ ನಿಂತಿರುವುದು ಕೈಮಾದ ಮೇಲೆ. ಇಡೀ ತುಂಡಾಗಿ ಮಾರಲು ಬಾರದ ಭಾಗಗಳನ್ನೇ ಹೆಚ್ಚಾಗಿ ಅರೆಯುತ್ತಾರೆ. ಭುಜ, ಕುತ್ತಿಗೆ, ತೊಡೆ ಕತ್ತರಿಸುವಾಗ ಉಳಿದ ಚೂರು, ಇಂಥವು. ದುಡಿದ ಭಾಗ ಆದ್ದರಿಂದ ನಾರು ಜಾಸ್ತಿ, ರುಚಿಯೂ ಜಾಸ್ತಿ. ತುಂಡಾಗಿ ಬೇಯಿಸಿದರೆ ಗಂಟೆಗಟ್ಟಲೆ ಕಾಯಬೇಕು. ಅರೆದಾಗ ನಾರು ಚಿಕ್ಕದಾಗಿರುತ್ತದೆ, ಬೇಗ ಬೇಯುತ್ತದೆ. ಮಾಂಸದ ಜೊತೆ ಗ್ಯಾಸೂ ಉಳಿಯಿತು.

ಕೈಮಾದಲ್ಲಿ ಉಳಿಸುವುದು ಅಂದರೆ ಮಾಂಸ ಕಡಿಮೆ ಹಾಕಿ ಆಲೂಗಡ್ಡೆ ಜಾಸ್ತಿ ಹಾಕುವುದು ಅಂತ ಜನ ತಿಳಿದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ತಂದದ್ದು ಪೂರ್ತಿ ಹೊಟ್ಟೆಗೆ ಸೇರಬೇಕು, ಅಷ್ಟೇ. ಕೊಬ್ಬನ್ನು ಸಿಂಕಿಗೆ ಸುರಿಯುತ್ತಾರೆ, ರುಚಿಯನ್ನು ನೀರಲ್ಲಿ ಕುದಿಸಿ ಕಳೆಯುತ್ತಾರೆ, ಉಳಿದದ್ದನ್ನು ಫ್ರಿಜ್ಜಿನ ಹಿಂದೆ ಮರೆತು ಕೊನೆಗೆ ಎಸೆಯುತ್ತಾರೆ. ನಷ್ಟ ಆಗುವುದು ಇಲ್ಲೇ.

ಮೊದಲು ಕೊಳ್ಳುವ ಮಾತು. ಪೊಟ್ಟಣದ ಮೇಲೆ ಕೊಬ್ಬು ಶೇಕಡಾ ಎಷ್ಟು ಅಂತ ಬರೆದಿರುತ್ತದೆ. ಶೇ. 5 ಇರುವುದು ದುಬಾರಿ, ಶೇ. 20 ಇರುವುದು ಅಗ್ಗ. ಒಂದು ಕಿಲೋದಲ್ಲಿ ಮೊದಲನೆಯದರಲ್ಲಿ ಕೊಬ್ಬು ಬಿಟ್ಟು 950 ಗ್ರಾಂ ಸಿಗುತ್ತದೆ, ಎರಡನೆಯದರಲ್ಲಿ 800 ಗ್ರಾಂ. ಅಂದರೆ ವ್ಯತ್ಯಾಸ ಐದರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ. ಕೊಬ್ಬಿಲ್ಲದ್ದರ ಬೆಲೆ ಅದಕ್ಕಿಂತ ಹೆಚ್ಚು ಏರಿದ್ದರೆ ಕೊಬ್ಬಿರುವುದನ್ನೇ ತಗೋ. ಅದರಿಂದ ಬಿಟ್ಟ ಕೊಬ್ಬು ಎಣ್ಣೆಯ ಬದಲಿಗೆ ಆಗುತ್ತದೆ, ಅದೂ ಪುಕ್ಕಟೆ. ಉಂಡೆ, ಪ್ಯಾಟಿ ಮಾಡುವುದಾದರಂತೂ ಕೊಬ್ಬು ಬೇಕೇ ಬೇಕು. ಇಲ್ಲದಿದ್ದರೆ ಒಣಕಲಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ದೊಡ್ಡ ಪೊಟ್ಟಣ ಕಿಲೋ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಆದರೆ ಒಬ್ಬನೇ ಇರುವವನು ದೊಡ್ಡದು ತಂದು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಉಳಿತಾಯ ಅಲ್ಲ, ದಂಡ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಗಿನ ಮೈ ಮೇಲೆ ಇರುತ್ತದೆ. ಅರೆದಾಗ ಅದೇ ಮೈ ಒಳಗೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಕೈಮಾ ಬೇಗ ಕೆಡುತ್ತದೆ. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೂ ಒಂದೆರಡು ದಿನ ಅಷ್ಟೇ. ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಮೂರು ನಾಲ್ಕು ತಿಂಗಳು ರುಚಿ ಕೆಡದೆ ಇರುತ್ತದೆ.

ಅದಕ್ಕೇ ನಾನು ತಂದ ದಿನವೇ ಭಾಗ ಮಾಡುತ್ತೇನೆ. 250 ಗ್ರಾಂ ತೂಗಿ ಒಂದೊಂದು ಜಿಪ್ ಕವರಿಗೆ ಹಾಕುತ್ತೇನೆ. ಗಾಳಿ ಹೊರಗೆ ಒತ್ತಿ, ಕವರಿನ ಮೇಲೇ ಲಟ್ಟಣಿಗೆ ಆಡಿಸಿ ಬೆರಳಿನ ದಪ್ಪಕ್ಕೂ ಕಡಿಮೆ ಮಾಡುತ್ತೇನೆ. ಸೌಟಿನ ಹಿಡಿಯಿಂದ ನಡುವೆ ಒಂದು ಗೆರೆ ಒತ್ತುತ್ತೇನೆ. ಅರ್ಧ ಸಾಕು ಅನ್ನಿಸಿದ ದಿನ ಆ ಗೆರೆಗೆ ಸರಿಯಾಗಿ ಪಟ್ಟನೆ ಮುರಿಯುತ್ತದೆ. ತಟ್ಟೆಯ ಮೇಲೆ ಮಲಗಿಸಿ ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಬಹುದು. ತಾರೀಖು ಬರೆಯುವುದನ್ನು ಮಾತ್ರ ಬಿಡಬೇಡ ಅಂತ ಅವನಿಗೆ ಹೇಳು. ಎಲ್ಲ ಪೊಟ್ಟಣವೂ ಒಂದೇ ಥರ ಕಾಣುತ್ತದೆ.

ತೆಳ್ಳಗೆ ಇರುವುದರಿಂದ ಕರಗುವುದೂ ಬೇಗ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿದರೆ ಸಾಕು. ನೆನಪಾಗದಿದ್ದರೆ ಕವರಿನ ಸಮೇತ ತಣ್ಣೀರಲ್ಲಿ ಮುಳುಗಿಸಿಡು, ಕರಗಿದ ಕೂಡಲೇ ಬೇಯಿಸು. ಅಡುಗೆ ಕಟ್ಟೆಯ ಮೇಲೆ ಹಾಗೇ ಬಿಡುವುದು ಬೇಡ. ಹೊರಗಿನ ಪದರ ಬೆಚ್ಚಗಾಗುತ್ತದೆ, ಒಳಗೆ ಇನ್ನೂ ಮಂಜುಗಡ್ಡೆ ಇರುತ್ತದೆ.

ಇನ್ನು ಬಾಣಲೆ. ಅಕ್ಕ, ಇದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಕೆಲಸ ಇರುವುದೇ ಇಲ್ಲಿ. ತುಂಬ ಜನ ಕೈಮಾವನ್ನು ಹುರಿಯುತ್ತೇವೆ ಅಂದುಕೊಂಡು ಬೇಯಿಸುತ್ತಿರುತ್ತಾರೆ. ಸಣ್ಣ ಬಾಣಲೆ, ಉರಿ ಸಣ್ಣ, ಅರ್ಧ ಕಿಲೋ ಒಮ್ಮೆಲೇ ಸುರಿದು ಸೌಟಿನಲ್ಲಿ ಒಂದೇ ಸಮ ಕೆದಕುವುದು. ಮಾಂಸ ನೀರು ಬಿಡುತ್ತದೆ. ನೀರು ಇರುವವರೆಗೆ ಬಾಣಲೆಯಲ್ಲಿ 100 ಡಿಗ್ರಿ ಮೇಲೆ ಏರುವುದಿಲ್ಲ. ಕಂದು ಬಣ್ಣ, ಆ ಹುರಿದ ಘಮ ಬರಲು 140 ಡಿಗ್ರಿಯ ಸುಮಾರಿಗಾದರೂ ಹೋಗಬೇಕು. ಹಾಗಾಗಿ ಬೂದು ಬಣ್ಣದ ಸಣ್ಣ ಸಣ್ಣ ಗಂಟು ಆಗುತ್ತದೆ, ರುಚಿ ಸಪ್ಪೆ. ಆಮೇಲೆ ರುಚಿ ಸಾಲದು ಅಂತ ಇನ್ನೂ ಮಾಂಸ ಹಾಕಬೇಕು ಅನ್ನಿಸುತ್ತದೆ. ದುಡ್ಡು ಹೋಗುವ ದಾರಿ ಹೀಗೆ.

ನಾನು ಮಾಡುವುದು ಹೀಗೆ. ಅಗಲವಾದ ದಪ್ಪ ತಳದ ಬಾಣಲೆ, ಚೆನ್ನಾಗಿ ಕಾಯಬೇಕು. ಕೈಮಾದ ಮೇಲಿನ ತೇವವನ್ನು ಕಾಗದದಲ್ಲಿ ಒತ್ತಿ ತೆಗೆಯುತ್ತೇನೆ. ಒಂದು ಚಮಚ ಎಣ್ಣೆ. ಇರುವುದರಲ್ಲಿ ಅರ್ಧ ಮಾತ್ರ ಹಾಕಿ, ರೊಟ್ಟಿ ತಟ್ಟಿದ ಹಾಗೆ ಬಾಣಲೆ ಅಗಲಕ್ಕೂ ಒತ್ತಿ, ಸುಮ್ನೆ ಬಿಡುತ್ತೇನೆ. ಕೆದಕುವುದಿಲ್ಲ. ಮೊದಲು ಗುಳುಗುಳು ಸದ್ದು, ಅದು ನೀರಿನದು. ನೀರು ಇಂಗಿದ ಮೇಲೆ ಸದ್ದು ಬದಲಾಗುತ್ತದೆ, ಚುರುಚುರು ಅನ್ನುತ್ತದೆ. ಅಂಚು ಕಂದಾಗಿ ತಳ ತಾನಾಗಿ ಬಿಡುವಾಗ ತಿರುವಿ ಹಾಕಬೇಕು. ಕೆಳಗಿನ ಮೈ ಗಾಢ ಕಂದಾಗಿರಬೇಕು, ಕಪ್ಪಾಗಬಾರದು. ಆಮೇಲೆ ಚೂರು ಮಾಡಿ ಉಳಿದರ್ಧ ಹಸಿ ಕೈಮಾ ಸೇರಿಸುತ್ತೇನೆ. ಮೊದಲರ್ಧ ಘಮ ಕೊಡುತ್ತದೆ, ಎರಡನೆಯದು ಮೆತ್ತಗೆ ಉಳಿಯುತ್ತದೆ. ಎಲ್ಲವನ್ನೂ ಹಾಗೇ ಹುರಿದರೆ ಒಣಗಿ ಮರಳು ಮರಳಾಗುತ್ತದೆ.

ಬಾಣಲೆಯ ತಳಕ್ಕೆ ಕಂದು ಪದರ ಕಚ್ಚಿರುತ್ತದೆ. ಅದನ್ನು ಉಜ್ಜಿ ತೊಳೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಈರುಳ್ಳಿ ಅಥವಾ ಟೊಮೆಟೊ ಹಾಕು, ಇಲ್ಲವೇ ಅರ್ಧ ಲೋಟ ನೀರು ಹುಯ್ಯು, ಮರದ ಸೌಟಿನಲ್ಲಿ ಕೆರೆ. ಪೂರ್ತಿ ಬಿಟ್ಟುಕೊಂಡು ಗೊಜ್ಜಿಗೆ ಸೇರುತ್ತದೆ. ಬಾಣಲೆ ತೊಳೆಯುವ ಕೆಲಸವೂ ಅರ್ಧ ಮುಗಿಯಿತು, ಇದನ್ನು ಕೇಳಿದರೆ ದೊಡ್ಡವನಿಗೆ ಖುಷಿಯಾಗಬಹುದು.

ಇನ್ನೊಂದು ಉಪಾಯ ಅಡುಗೆ ಸೋಡಾದ್ದು. ಅರ್ಧ ಕಿಲೋ ಕೈಮಾಕ್ಕೆ ಕಾಲು ಟೀ ಚಮಚ ಸೋಡಾವನ್ನು ಒಂದು ಚಮಚ ನೀರಲ್ಲಿ ಕರಗಿಸಿ ಕಲಸಿ, ಹದಿನೈದು ನಿಮಿಷ ಬಿಟ್ಟು ಹುರಿ. ಸೋಡಾದಿಂದ ಮಾಂಸದ ಹುಳಿ ಅಂಶ ತಗ್ಗುತ್ತದೆ, ಬೇಯುವಾಗ ಬಿಗಿದುಕೊಳ್ಳುವುದು ಕಡಿಮೆ ಆಗುತ್ತದೆ. ನೀರು ಒಳಗೇ ನಿಲ್ಲುತ್ತದೆ, ಬಣ್ಣವೂ ಬೇಗ ಬರುತ್ತದೆ. ಅಳತೆ ಮೀರಿದರೆ ಸೋಪಿನ ರುಚಿ ಬರುತ್ತದೆ, ಅಷ್ಟು ಎಚ್ಚರ.

ಬಿಟ್ಟ ಕೊಬ್ಬನ್ನು ಬಾಣಲೆ ಓರೆ ಮಾಡಿ ಚಮಚದಲ್ಲಿ ತೆಗೆದು ಗಾಜಿನ ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಮಾರನೆಯ ದಿನದ ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಅದರಲ್ಲೇ ಹುರಿಯುವುದು. ಬರೀ ಎಲೆಕೋಸಿನ ಪಲ್ಯಕ್ಕೂ ಮಾಂಸದ ಕಮ್ಮನೆ ಘಮ ಹತ್ತಿಕೊಳ್ಳುತ್ತದೆ. ಸಿಂಕಿಗಂತೂ ಸುರಿಯಲೇಬಾರದು, ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಇಷ್ಟಾದ ಮೇಲೆ ಮಾಂಸವನ್ನು ಹಿಗ್ಗಿಸುವ ಮಾತು. ಘಮ ಸರಿಯಾಗಿ ಬಂದಿದ್ದರೆ 250 ಗ್ರಾಂ ಕೈಮಾದಲ್ಲಿ ನಾಲ್ಕು ಜನರ ಅಡುಗೆ ಎತ್ತಬಹುದು. ಹಿಗ್ಗಿಸಲು ನನಗೆ ಎಲ್ಲಕ್ಕಿಂತ ಇಷ್ಟ ಅಣಬೆ. ಕೈಮಾದಷ್ಟೇ ಸಣ್ಣಗೆ ಕೊಚ್ಚಿ, ಮೊದಲು ಅದೊಂದನ್ನೇ ಹುರಿದು ನೀರೆಲ್ಲ ಇಂಗಿಸಬೇಕು. ಅಣಬೆಯಲ್ಲಿ ಗ್ಲುಟಮೇಟ್ ಅನ್ನುವ ರುಚಿಯ ಅಂಶ ಇರುತ್ತದೆ, ಮಾಂಸದ ರುಚಿಯನ್ನೇ ಎತ್ತಿ ಹಿಡಿಯುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾವನಿಗೆ ಹೇಳದೆ ಮಾಡಿ ನೋಡು.

ಕೆಂಪು ಮಸೂರ ಬೇಳೆ ಇನ್ನೂ ಅಗ್ಗ. ಗೊಜ್ಜಿನ ಜೊತೆಗೇ ಹಾಕಿದರೆ ಕರಗಿ ಮಂದ ಮಾಡುತ್ತದೆ. ಸಿಪ್ಪೆ ಇರುವ ಕಂದು ಮಸೂರ ಆದರೆ ಬೇರೆ ಬೇಯಿಸಿ, ಕಾಳು ಒಡೆಯುವ ಮೊದಲು ಇಳಿಸಿ ಸೇರಿಸು, ಆಕಾರ ಕೈಮಾದ ಜೊತೆ ಬೆರೆತುಹೋಗುತ್ತದೆ. ಸೋಯಾ ಹರಳು ಕೂಡ ಒಳ್ಳೆಯದೇ. ಒಣಗಿದ್ದರಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ಆದರೆ ಅದಕ್ಕೆ ತನ್ನದೊಂದು ವಾಸನೆ ಇದೆ. ಬಿಸಿ ಉಪ್ಪುನೀರಲ್ಲಿ ನೆನೆಸಿ, ಕೈಯಲ್ಲಿ ಬಿಗಿಯಾಗಿ ಹಿಂಡಿ, ಆ ಸೀಸೆಯ ಕೊಬ್ಬಿನಲ್ಲೇ ಹುರಿದು ಆಮೇಲೆ ಸೇರಿಸಿದರೆ ವಾಸನೆ ಅಡಗುತ್ತದೆ. ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ರುಚಿಗೆ ಅದರದ್ದೇನೂ ಕೊಡುಗೆ ಇಲ್ಲ. ಅಮ್ಮ ಇದನ್ನು ಒಪ್ಪಲ್ಲ ಅಂತ ಗೊತ್ತು.

ಉಂಡೆಯ ಲೆಕ್ಕ ಬೇರೆ. ಕೊಬ್ಬಿರುವ ಕೈಮಾ ಬೆಂದಾಗ ಸುಮಾರು ಕಾಲು ಪಾಲು ತೂಕ ಇಳಿಯುತ್ತದೆ, ಕೊಬ್ಬು ನೀರು ಎರಡೂ ಹೊರಗೆ ಬರುತ್ತವೆ. ಹಳೇ ಬ್ರೆಡ್ಡನ್ನು ಹಾಲಲ್ಲೋ ನೀರಲ್ಲೋ ನೆನೆಸಿ ಹಿಸುಕಿ ಕಲಸಿದರೆ ಅದು ಆ ರಸವನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಬ್ರೆಡ್ ಇಲ್ಲದಿದ್ದರೆ ಓಟ್ಸ್ ನಡೆಯುತ್ತದೆ. ಒಣಗಿ ಎಸೆಯಬೇಕಿದ್ದ ಬ್ರೆಡ್ಡೂ ಬಳಕೆಗೆ ಬಂತು, ಉಂಡೆಯೂ ಮೆತ್ತಗೆ. ಉಪ್ಪಿನ ಸಮಯ ಮುಖ್ಯ. ಮೊದಲೇ ಉಪ್ಪು ಹಾಕಿ ನಾದಿದರೆ ಮಾಂಸದ ಪ್ರೋಟೀನ್ ಕರಗಿ ಅಂಟಾಗುತ್ತದೆ, ಉಂಡೆ ಒಡೆಯುವುದಿಲ್ಲ. ಗೊಜ್ಜಿನಲ್ಲಿ ಬೇಯುವ ಉಂಡೆಗೆ ಅದೇ ಬೇಕು. ಬ್ರೆಡ್ಡಿನ ನಡುವೆ ಇಡುವ ಪ್ಯಾಟಿಗೆ ಬೇಡ. ಅದನ್ನು ನಾದದೆ ಹಗುರವಾಗಿ ತಟ್ಟಿ, ಬಾಣಲೆಗೆ ಹಾಕುವ ಮುಂಚೆ ಮೇಲೆ ಉಪ್ಪು ಉದುರಿಸು. ಉಪ್ಪು ಖಾರ ಸರಿ ಇದೆಯಾ ಅಂತ ಹಸಿಯದನ್ನು ನಾಲಿಗೆಗೆ ಹಾಕಬೇಡ. ಗೋಲಿ ಗಾತ್ರದ್ದು ಒಂದು ಹುರಿದು ತಿಂದು ನೋಡು.

ಬೆಂದಿದೆಯೋ ಇಲ್ಲವೋ ಬಣ್ಣದಿಂದ ಹೇಳಲಾಗುವುದಿಲ್ಲ. ಪೂರ್ತಿ ಬೇಯುವ ಮೊದಲೇ ಕಂದಾಗುವುದೂ ಉಂಟು, ಬೆಂದ ಮೇಲೂ ಗುಲಾಬಿ ಉಳಿಯುವುದೂ ಉಂಟು. ಕುರಿ, ದನ, ಹಂದಿ ಯಾವುದೇ ಆಗಲಿ ನಡುವೆ 71 ಡಿಗ್ರಿ ಮುಟ್ಟಬೇಕು, ಕೋಳಿಗೆ 74. ಉಂಡೆ, ಪ್ಯಾಟಿ ಮಾಡುವವರಿಗೆ ಒಂದು ಸಣ್ಣ ಥರ್ಮಾಮೀಟರ್ ಒಳ್ಳೆಯದು. ಚೂರಾಗಿ ಗೊಜ್ಜಿನಲ್ಲಿ ಕುದ್ದದ್ದಕ್ಕೆ ಆ ಚಿಂತೆ ಇಲ್ಲ.

ಉಳಿದದ್ದು ತಾನಾಗಿ ಉಳಿಯಲಿ ಅಂತ ನಾನು ಕಾಯುವುದಿಲ್ಲ, ಬೇಕೆಂದೇ ಉಳಿಸುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಮೆಣಸು ಮಾತ್ರ ಹಾಕಿ ಒಂದು ದೊಡ್ಡ ಹುರಿಕೆ ಮಾಡಿಡುವುದು. ಮೊದಲ ದಿನ ಟೊಮೆಟೊ ಸೇರಿಸಿ ಗೊಜ್ಜು. ಮಾರನೆಯ ದಿನ ಒಣಗಿಸಿ ಯಾವುದರದ್ದಾದರೂ ಹೊಟ್ಟೆಯೊಳಗೆ ಹೂರಣ, ದೊಣ್ಣೆಮೆಣಸಿನಕಾಯಿಯೋ ಬದನೆಯೋ. ಕೊನೆಗೆ ತಳದಲ್ಲಿ ಉಳಿದ ಹಿಡಿಯಷ್ಟಕ್ಕೆ ತರಕಾರಿ, ನೀರು ಹಾಕಿ ಸೂಪು. ಮಸಾಲೆಯನ್ನು ಮೊದಲೇ ಹಾಕಿಬಿಟ್ಟರೆ ಮೂರೂ ದಿನ ಒಂದೇ ರುಚಿ, ಬೇಜಾರಾಗಿ ಹೊರಗೆ ತಿನ್ನಬೇಕು ಅನ್ನಿಸುತ್ತದೆ. ಹುರಿಕೆಯನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮೂರು ನಾಲ್ಕು ದಿನ ಇರುತ್ತದೆ. ತಿನ್ನುವಾಗ ಬೇಕಾದಷ್ಟನ್ನೇ ತೆಗೆದು ಹೊಗೆಯಾಡುವಷ್ಟು ಬಿಸಿ ಮಾಡಲಿ, ಇಡೀ ಪಾತ್ರೆಯನ್ನು ದಿನಾ ಕಾಯಿಸುವುದು ಬೇಡ.

ಅವನಿಗೆ ಪಾತ್ರೆ ಕೊಡಿಸುವಾಗ ಸೆಟ್ಟುಗಿಟ್ಟು ಏನೂ ಬೇಡ ಅಕ್ಕ. ಅಗಲವಾದ ದಪ್ಪ ತಳದ ಬಾಣಲೆ ಒಂದು, ಅದಕ್ಕೆ ಕೂರುವ ಮುಚ್ಚಳ, ಮರದ ಸೌಟು, ಒಂದು ಸಣ್ಣ ತಕ್ಕಡಿ. ಇಷ್ಟಾದರೆ ಶುರು ಮಾಡಬಹುದು. ಏನಾದರೂ ಅರ್ಥ ಆಗದಿದ್ದರೆ ಬಾಣಲೆ ಒಲೆಯ ಮೇಲಿರುವಾಗಲೇ ನನಗೆ ವಿಡಿಯೋ ಕಾಲ್ ಮಾಡಲಿ, ರಾತ್ರಿ ಆದರೂ ಪರವಾಗಿಲ್ಲ.

ಅಪ್ಪ ಅಮ್ಮನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಚಿಕ್ಕವಳಿಗೆ ಮುತ್ತು.

ನಿನ್ನ ತಮ್ಮ