ಕ್ರ್ಯಾಶ್ ಆದ ಧ್ವನಿ ಪ್ರಾಜೆಕ್ಟು: ಮೊದಲು ನಕಲು, ಆಮೇಲೆ ದುರಸ್ತಿ

ಸಂಪಾದಕರಿಗೆ,

ಮಾನ್ಯರೆ,

ತಾಳಮದ್ದಳೆ, ಸೋಬಾನೆ ಪದ, ಹಿರಿಯರ ಸಂದರ್ಶನ, ಶಾಲೆಯ ಧ್ವನಿಪಾಠ, ಪಾಡ್‌ಕಾಸ್ಟು ಇವೆಲ್ಲ ಈಗ ದೊಡ್ಡ ಸ್ಟುಡಿಯೊಗಳಲ್ಲಷ್ಟೇ ತಯಾರಾಗುತ್ತಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ, ಉಚಿತವಾಗಿ ಸಿಗುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ಅನೇಕರು ಈ ಕೆಲಸ ಮಾಡುತ್ತಾರೆ. ಎಡಿಟಿಂಗ್ ನಡುವೆ ಕರೆಂಟು ಹೋದರೆ ಅಥವಾ ತಂತ್ರಾಂಶ ತಾನಾಗಿ ಮುಚ್ಚಿಕೊಂಡರೆ ‘ಎಲ್ಲ ಹೋಯಿತು’ ಎಂದು ಕೈಚೆಲ್ಲುವುದು ಸಾಮಾನ್ಯ. ಆದರೆ ಕ್ರ್ಯಾಶ್ ಆದ ಹೊತ್ತಿಗೆ ಧ್ವನಿಯ ಬಹುಪಾಲು ಡಿಸ್ಕಿನಲ್ಲೇ ಇರುತ್ತದೆ. ಅದು ಕೈತಪ್ಪುವುದು ಆಮೇಲೆ: ಗಾಬರಿಯಲ್ಲಿ ಒತ್ತಿದ ಗುಂಡಿಯಿಂದ, ಬೇಡವೆಂದು ಅಳಿಸಿದ ಕಡತದಿಂದ, ಅಂಗಡಿಯಲ್ಲಿ ಮಾಡಿಸಿದ ಫಾರ್ಮ್ಯಾಟಿನಿಂದ.

ಅಂಗಡಿಯ ಮಾತನ್ನೇ ಮೊದಲು ಹೇಳಬೇಕು. ಕಂಪ್ಯೂಟರ್ ಪದೇಪದೇ ನಿಂತರೆ ‘ಹೊಸದಾಗಿ ವಿಂಡೋಸ್ ಹಾಕಿಬಿಡೋಣ, ಸಿ ಡ್ರೈವ್ ಮಾತ್ರ ಹೋಗುತ್ತೆ, ಡಿ ಡ್ರೈವಿನಲ್ಲಿ ಇರೋದು ಹಾಗೇ ಇರುತ್ತೆ’ ಎನ್ನುತ್ತಾರೆ. ಇನ್ನೂ ಸೇವ್ ಮಾಡದ ಪ್ರಾಜೆಕ್ಟು, ಅಂದರೆ ಧ್ವನಿಯನ್ನೂ ನಿಮ್ಮ ಎಡಿಟಿಂಗನ್ನೂ ಒಟ್ಟಿಗೆ ಇಟ್ಟುಕೊಂಡ ಕೆಲಸದ ಕಡತ, ಇರುವುದು ಆ ಸಿ ಡ್ರೈವಿನಲ್ಲಿಯೇ. ವಿಂಡೋಸ್‌ನಲ್ಲಿ ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಆಡಾಸಿಟಿ, ಅದರೊಳಗೆ ಸೆಷನ್‌ಡೇಟಾ ಎಂಬ ಫೋಲ್ಡರಿದೆ. ಆ್ಯಪ್‌ಡೇಟಾ ಮರೆಮಾಡಿದ ಫೋಲ್ಡರು. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆರಿಸಿದರೆ ಮಾತ್ರ ಕಾಣುತ್ತದೆ. ಮ್ಯಾಕ್‌ನಲ್ಲಾದರೆ ಬಳಕೆದಾರರ ಲೈಬ್ರರಿಯೊಳಗಿನ ಅಪ್ಲಿಕೇಶನ್ ಸಪೋರ್ಟ್‌ನಲ್ಲಿ ಹುಡುಕಬೇಕು. ಸೇವ್ ಮಾಡದ ಪ್ರಾಜೆಕ್ಟಿನ ಹೆಸರು ‘ನ್ಯೂ ಪ್ರಾಜೆಕ್ಟ್’ ಎಂದು ಶುರುವಾಗಿ ದಿನಾಂಕ, ವೇಳೆಗಳೊಂದಿಗೆ ಮುಂದುವರಿದು ‘ಎಯುಪಿ3ಅನ್‌ಸೇವ್ಡ್’ ಎಂಬ ಬಾಲದಲ್ಲಿ ಮುಗಿಯುತ್ತದೆ. ಈ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡುವವರೆಗೆ ಫಾರ್ಮ್ಯಾಟು ಬೇಡ, ಮರುಸ್ಥಾಪನೆ ಬೇಡ, ‘ಕಸ ಗುಡಿಸುವ’ ಕ್ಲೀನರ್ ತಂತ್ರಾಂಶಗಳಂತೂ ಬೇಡವೇ ಬೇಡ. ನಕಲು ಮಾಡುವಾಗ ಆಡಾಸಿಟಿ ಪೂರ್ತಿ ಮುಚ್ಚಿರಬೇಕು. ಕಿಟಕಿ ಕಾಣದಿದ್ದರೂ ಹಿನ್ನೆಲೆಯಲ್ಲಿ ಓಡುತ್ತಿರಬಹುದಾದ್ದರಿಂದ ಟಾಸ್ಕ್ ಮ್ಯಾನೇಜರಿನಲ್ಲಿ ಒಮ್ಮೆ ನೋಡಿಕೊಳ್ಳಿ.

ನಕಲು ಆದ ಮೇಲೆ ತಂತ್ರಾಂಶ ತೆರೆಯಿರಿ. ಸ್ವಯಂಚಾಲಿತ ಚೇತರಿಕೆಯ ಕಿಟಕಿ ಬಂದು, ಉಳಿದಿರುವ ಪ್ರಾಜೆಕ್ಟುಗಳ ಪಟ್ಟಿ ತೋರಿಸುತ್ತದೆ. ‘ರಿಕವರ್ ಸೆಲೆಕ್ಟೆಡ್’ ಒತ್ತಬೇಕು. ಪಕ್ಕದಲ್ಲೇ ಇರುವ ‘ಡಿಸ್ಕಾರ್ಡ್ ಸೆಲೆಕ್ಟೆಡ್’ ಒತ್ತಿದರೆ, ಸೇವ್ ಮಾಡದ ಪ್ರಾಜೆಕ್ಟು ಡಿಸ್ಕಿನಿಂದಲೇ ಅಳಿಯುತ್ತದೆ. ಏನು ಮಾಡಬೇಕೆಂದು ತೋಚದಿದ್ದರೆ ಆಗ ಏನನ್ನೂ ಆರಿಸದೆ ಹೊರಬನ್ನಿ. ಮುಂದಿನ ಸಲ ತೆರೆದಾಗ ಪಟ್ಟಿ ಮತ್ತೆ ಬರುತ್ತದೆ. ಚೇತರಿಸಿಕೊಂಡ ಪ್ರಾಜೆಕ್ಟು ತೆರೆದುಕೊಂಡ ತಕ್ಷಣ ಅದನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ, ಜೊತೆಗೆ ಒಂದು ವೇವ್ ಕಡತವಾಗಿಯೂ (ಯಾವ ಪ್ಲೇಯರಿನಲ್ಲೂ ಕೇಳಬಹುದಾದ ಸಾದಾ ಧ್ವನಿ ಕಡತ) ಹೊರತೆಗೆಯಿರಿ. ಪಟ್ಟಿಯಲ್ಲಿ ಏನೂ ಕಾಣದಿದ್ದರೂ ಸೆಷನ್‌ಡೇಟಾದಲ್ಲಿ ಕಡತ ಇದೆ ಎಂದಾದರೆ, ಅದರ ನಕಲಿನ ಬಾಲದಿಂದ ‘ಅನ್‌ಸೇವ್ಡ್’ ತೆಗೆದು ಬರೀ ‘ಎಯುಪಿ3’ ಮಾಡಿ ನೇರವಾಗಿ ತೆರೆದು ನೋಡಬಹುದು.

ಅತಿ ಹೆಚ್ಚು ಎಡವುವ ಜಾಗ ಇನ್ನೊಂದಿದೆ. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ಆಡಾಸಿಟಿಯ ಪ್ರಾಜೆಕ್ಟು ಒಂದೇ ಕಡತ. ಒಳಗಿರುವುದು ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕೋಶ. ಕೆಲಸ ನಡೆಯುವಾಗ ಹೊಸ ಬದಲಾವಣೆಗಳು ನೇರವಾಗಿ ಮುಖ್ಯ ಕಡತಕ್ಕೆ ಹೋಗುವುದಿಲ್ಲ. ಮೊದಲು ಪಕ್ಕದ ‘ಡಬ್ಲ್ಯುಎಎಲ್’ ಎಂಬ ಬಾಲದ ಕಡತಕ್ಕೆ ಬಿದ್ದು, ಆಮೇಲೆ ಕಂತುಕಂತಾಗಿ ಮುಖ್ಯ ಕಡತ ಸೇರುತ್ತವೆ. ಅಂಗಡಿಯ ದಿನವಹಿ ಮತ್ತು ಖಾತೆ ಪುಸ್ತಕದ ಲೆಕ್ಕ ಇದು: ಇವತ್ತಿನ ವ್ಯವಹಾರ ದಿನವಹಿಯಲ್ಲಿದೆ, ಖಾತೆಗೆ ಇನ್ನೂ ಏರಿಲ್ಲ. ಸರಿಯಾಗಿ ಮುಚ್ಚಿದಾಗ ಈ ಕಡತ ಮಾಯವಾಗುತ್ತದೆ. ಕ್ರ್ಯಾಶ್ ಆದಾಗ ಉಳಿದುಕೊಳ್ಳುತ್ತದೆ. ಅದರ ಜೊತೆ ‘ಎಸ್‌ಎಚ್‌ಎಂ’ ಬಾಲದ ಚಿಕ್ಕ ಕಡತವೂ ಇರುತ್ತದೆ. ಇವನ್ನು ತಾತ್ಕಾಲಿಕ ಕಸವೆಂದು ತಿಳಿದು ಅಳಿಸಿದರೆ, ಅಥವಾ ಮುಖ್ಯ ಕಡತವನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಬೇರೆಡೆ ತೆರೆದರೆ, ಕೊನೆಯ ಹೊತ್ತಿನ ಕೆಲಸ ಹೋದಂತೆಯೇ. ಕೆಲವೊಮ್ಮೆ ಪ್ರಾಜೆಕ್ಟು ತೆರೆಯುವುದೇ ಇಲ್ಲ. ಮೂರೂ ಕಡತಗಳು ಒಟ್ಟಿಗೇ ಸಾಗಬೇಕು. ಹೆಸರು ಬದಲಿಸಿದರೆ ಮೂರಕ್ಕೂ ಒಂದೇ ರೀತಿ ಬದಲಿಸಬೇಕು. ಡಬ್ಲ್ಯುಎಎಲ್ ಕಡತ ದೊಡ್ಡದಾಗಿದ್ದರೆ ತೆರೆಯಲು ಹಲವು ನಿಮಿಷ ಹಿಡಿಯಬಹುದು. ಪರದೆ ಅಲ್ಲಾಡುತ್ತಿಲ್ಲವೆಂದು ಆಗ ಬಲವಂತವಾಗಿ ಮುಚ್ಚಿಸಿದರೆ ಉಳಿದಿದ್ದೂ ಕೆಡುವ ಅಪಾಯವಿದೆ. ಕಾಯಿರಿ.

ಇಷ್ಟಾದರೂ ತೆರೆಯದಿದ್ದರೆ ‘ಆಡಾಸಿಟಿ ಪ್ರಾಜೆಕ್ಟ್ ಟೂಲ್ಸ್’ ಎಂಬ ಉಚಿತ ಸಲಕರಣೆ ಇದೆ. ಆದೇಶ ಟೈಪ್ ಮಾಡಿ ನಡೆಸುವಂಥದ್ದು, ಗುಂಡಿಗಳಿಲ್ಲ. ಹಾಳಾದ ಕೋಶವನ್ನು ಹೊಸದಾಗಿ ಕಟ್ಟಲು ಒಂದು ಆದೇಶ, ಅರ್ಧಂಬರ್ಧ ಉಳಿದ ಆಟೊಸೇವ್ (ತಂತ್ರಾಂಶ ತಾನಾಗಿ ಬರೆದುಕೊಂಡ ಸ್ಥಿತಿ) ಕಿತ್ತುಹಾಕಿ ಕೊನೆಯ ಬಾರಿ ಸೇವ್ ಮಾಡಿದ ಸ್ಥಿತಿಗೆ ಮರಳಲು ಇನ್ನೊಂದು, ಪ್ರಾಜೆಕ್ಟಿನ ಆಸೆ ಬಿಟ್ಟು ಬರೀ ಧ್ವನಿಯನ್ನು ಹೊರಗೆಳೆಯಲು ಮತ್ತೊಂದು. ಕೊನೆಯದರಲ್ಲಿ ನಿಮ್ಮ ಕತ್ತರಿಕೆ, ಜೋಡಣೆ ಉಳಿಯುವುದಿಲ್ಲ, ಧ್ವನಿ ಸಿಗುತ್ತದೆ. ಇದನ್ನು ಯಾವತ್ತೂ ನಕಲಿನ ಮೇಲೆಯೇ ನಡೆಸಬೇಕು, ಮೂಲದ ಮೇಲೆ ಅಲ್ಲ.

ಹಳೆಯ 2.x ಆವೃತ್ತಿಯ ಪ್ರಾಜೆಕ್ಟುಗಳು ಇನ್ನೂ ಎಷ್ಟೋ ಸಿ.ಡಿ., ಹಾರ್ಡ್‌ಡಿಸ್ಕುಗಳಲ್ಲಿ ಬಿದ್ದಿವೆ. ಅಲ್ಲಿ ‘ಎಯುಪಿ’ ಕಡತ ಬರೀ ಪಟ್ಟಿ. ಧ್ವನಿ ಇರುವುದು ಅದೇ ಹೆಸರಿನ ಕೊನೆಗೆ ‘ಡೇಟಾ’ ಸೇರಿದ ಫೋಲ್ಡರಿನಲ್ಲಿ, ಚೂರುಚೂರಾಗಿ. ಒಂದೊಂದು ಚೂರು ಹೆಚ್ಚೆಂದರೆ 1 ಎಂ.ಬಿ.ಯಷ್ಟು, ಅಂದರೆ 44,100 ಹರ್ಟ್ಸ್‌ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ ಧ್ವನಿಯನ್ನು ಅಳೆದಿಡುವುದು) ಸುಮಾರು 6 ಸೆಕೆಂಡಿನ ಧ್ವನಿ. ಎಯುಪಿ ಕಡತವನ್ನಷ್ಟೇ ಮಿಂಚಂಚೆಯಲ್ಲಿ ಕಳಿಸಿ ‘ತೆರೆದರೆ ಮೌನ’ ಎಂದು ದೂರುವವರಿಗೆ ಉತ್ತರ ಇಲ್ಲಿದೆ. ಪಟ್ಟಿ ಕೆಟ್ಟು ಚೂರುಗಳು ಮಾತ್ರ ಉಳಿದಿದ್ದರೂ ದಾರಿ ಇದೆ. ಚೂರುಗಳ ಹೆಸರಿಗೂ ಅನುಕ್ರಮಕ್ಕೂ ಸಂಬಂಧವಿಲ್ಲ. ಆದ್ದರಿಂದ ಕಡತ ಬದಲಾದ ವೇಳೆಯ ಪ್ರಕಾರ ಜೋಡಿಸಿ, ಆ ಕ್ರಮದಲ್ಲಿ ಆಡಾಸಿಟಿಯೊಳಗೆ ತಂದು, ಟ್ರ್ಯಾಕ್ಸ್ ಮೆನುವಿನ ‘ಅಲೈನ್ ಎಂಡ್ ಟು ಎಂಡ್’ ಬಳಸಿದರೆ ಸಾಲಾಗಿ ನಿಲ್ಲುತ್ತವೆ. ಸ್ಟೀರಿಯೊ ಆಗಿದ್ದರೆ ಒಂದು ಚೂರು ಎಡದ್ದು, ಮುಂದಿನದು ಬಲದ್ದು. ಮೊದಲೇ ಎರಡು ಗುಂಪು ಮಾಡಿಕೊಳ್ಳಬೇಕು. ರೆಕಾರ್ಡ್ ಮಾಡಿ ಮುಟ್ಟದೆ ಬಿಟ್ಟ ಪ್ರಾಜೆಕ್ಟಿಗೆ ಮಾತ್ರ ಈ ಉಪಾಯ ಒಗ್ಗುತ್ತದೆ. ಕತ್ತರಿಸಿ, ಎಫೆಕ್ಟ್ ಹಾಕಿದ್ದರೆ ವೇಳೆಯ ಕ್ರಮವೇ ಕಲಸಿಹೋಗಿರುತ್ತದೆ. ಇದರಲ್ಲಿ ಇನ್ನೊಂದು ಸಂಗತಿ: ಒಮ್ಮೆ ನಕಲಿಸಿದಾಗ ಅಥವಾ ಝಿಪ್ ಬಿಚ್ಚಿದಾಗ ವೇಳೆ ಬದಲಾಗುವುದುಂಟು. ನಕಲಿನಲ್ಲಿ ಮೂಲದ ವೇಳೆಯೇ ಇದೆಯೇ ಎಂದು ಪರೀಕ್ಷಿಸದೆ ಮೂಲವನ್ನು ಅಳಿಸಬಾರದು.

ಕ್ರ್ಯಾಶ್‌ಗೆ ಕಾರಣ ಏನು ಎಂದರೆ ಹಲವು ಸಲ ಜಾಗದ ಕೊರತೆ. ಆಡಾಸಿಟಿ ಸಾಮಾನ್ಯವಾಗಿ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಒಂದೊಂದು ಅಳತೆಗೆ 4 ಬೈಟ್‌ನಂತೆ, ಬರೆಯುತ್ತದೆ. 44,100 ಹರ್ಟ್ಸ್‌ನಲ್ಲಿ ಗಂಟೆಗೆ ಮೋನೊ ಸುಮಾರು 635 ಎಂ.ಬಿ., ಸ್ಟೀರಿಯೊ ಸುಮಾರು 1.27 ಜಿ.ಬಿ. ರಾತ್ರಿಯಿಡೀ ನಡೆಯುವ 8 ಗಂಟೆಯ ಯಕ್ಷಗಾನಕ್ಕೆ ಸ್ಟೀರಿಯೊದಲ್ಲಿ 10 ಜಿ.ಬಿ. ದಾಟುತ್ತದೆ. ಅದು ಬರೀ ರೆಕಾರ್ಡಿಂಗ್. ಇಡೀ ಟ್ರ್ಯಾಕಿಗೆ ಒಮ್ಮೆ ಗದ್ದಲ ಕಡಿಮೆ ಮಾಡಿದರೆ ಇನ್ನೊಂದು 10 ಜಿ.ಬಿ., ಮಟ್ಟ ಸರಿಪಡಿಸಿದರೆ ಮತ್ತೊಂದು 10; ಏಕೆಂದರೆ ಅನ್‌ಡೂ ಮಾಡಲು ಬೇಕೆಂದು ಹಳೆಯದನ್ನೂ ಪ್ರಾಜೆಕ್ಟು ಮುಚ್ಚುವವರೆಗೆ ಇಟ್ಟುಕೊಳ್ಳುತ್ತದೆ. ಡಿಸ್ಕು ತುಂಬಿದ ಕ್ಷಣ ಕೋಶಕ್ಕೆ ಬರೆಯಲಾಗದೆ ಎಡವುತ್ತದೆ. ಚೇತರಿಸಿಕೊಳ್ಳಲೂ ಜಾಗ ಬೇಕು. ಆದ್ದರಿಂದ ತುಂಬಿದ ಡಿಸ್ಕಿನಲ್ಲೇ ಮತ್ತೆ ಮತ್ತೆ ತೆರೆಯಲು ಯತ್ನಿಸುವುದು ವ್ಯರ್ಥ. ಮೊದಲು ಸಿನಿಮಾ, ಫೋಟೊ ಇತ್ಯಾದಿ ಬೇರೆಡೆ ಸಾಗಿಸಿ ಜಾಗ ಮಾಡಿಕೊಳ್ಳಿ.

ಪೆನ್‌ಡ್ರೈವು, ಮೆಮೊರಿ ಕಾರ್ಡುಗಳಲ್ಲಿ ಸಾಮಾನ್ಯವಾದ ಫ್ಯಾಟ್32 ವಿನ್ಯಾಸದಲ್ಲಿ ಒಂದು ಕಡತ 4 ಜಿ.ಬಿ. ಮೀರುವಂತಿಲ್ಲ. ಮೇಲಿನ ಲೆಕ್ಕದಲ್ಲಿ ಸ್ಟೀರಿಯೊ ಪ್ರಾಜೆಕ್ಟು 3 ಗಂಟೆ 22 ನಿಮಿಷಕ್ಕೆ ಆ ಗೋಡೆಗೆ ಬಡಿಯುತ್ತದೆ. ಕೆಲಸ ನಡೆಯುತ್ತಿರುವ ಪ್ರಾಜೆಕ್ಟನ್ನು ಪೆನ್‌ಡ್ರೈವಿನಲ್ಲಾಗಲಿ, ಒನ್‌ಡ್ರೈವ್‌ನಂಥ ಸಿಂಕ್ ಆಗುವ (ಅಂತರ್ಜಾಲಕ್ಕೆ ತಾನಾಗಿ ನಕಲಾಗುವ) ಫೋಲ್ಡರಿನಲ್ಲಾಗಲಿ ಇಡಬಾರದು. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿಟ್ಟು, ಮುಗಿಸಿ ಮುಚ್ಚಿದ ಮೇಲೆ ಅಲ್ಲಿಗೆ ನಕಲಿಸಿ.

ಕೈಯಲ್ಲಿ ಹಿಡಿಯುವ ರೆಕಾರ್ಡರಿನ ಬ್ಯಾಟರಿ ನಡುವೆ ಮುಗಿದರೆ ಬೇರೆ ಬಗೆಯ ತೊಂದರೆ. ವೇವ್ ಕಡತದ ತಲೆಬರಹದಲ್ಲಿ ಧ್ವನಿಯ ಉದ್ದವನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ಅದಾಗದೆ ಹೋದರೆ ಪ್ಲೇಯರುಗಳಿಗೆ ಕಡತ ಖಾಲಿಯೆಂದು ಕಾಣುತ್ತದೆ, ಗಾತ್ರ ನೋಡಿದರೆ ನೂರಾರು ಎಂ.ಬಿ. ಇಂಥದ್ದನ್ನು ಆಡಾಸಿಟಿಯ ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ‘ರಾ ಡೇಟಾ’ ಎಂದು ತೆರೆಯಬೇಕು. ಎನ್‌ಕೋಡಿಂಗ್ ಸೈನ್ಡ್ 16 ಬಿಟ್ ಪಿ.ಸಿ.ಎಂ., ಬೈಟ್ ಕ್ರಮ ಲಿಟಲ್ ಎಂಡಿಯನ್, ಆರಂಭದ ಆಫ್‌ಸೆಟ್ (ತಲೆಬರಹವೆಂದು ಬಿಟ್ಟು ಮುಂದೆ ಹೋಗುವ ಭಾಗ) 44 ಬೈಟ್, ಚಾನೆಲ್ ಮತ್ತು ಸ್ಯಾಂಪಲ್ ರೇಟ್ ರೆಕಾರ್ಡರಿನಲ್ಲಿ ಇಟ್ಟಿದ್ದಷ್ಟೇ. ಕಿವಿಯೇ ಇಲ್ಲಿ ಅಳತೆಗೋಲು. ಧ್ವನಿ ಎಳೆದಂತೆಯೋ ಓಡಿದಂತೆಯೋ ಕೇಳಿದರೆ ಸ್ಯಾಂಪಲ್ ರೇಟ್ ಅಥವಾ ಚಾನೆಲ್ ಸಂಖ್ಯೆ ತಪ್ಪು. ಬರೀ ಭೋರ್ಗರೆತವಾದರೆ ಬಿಟ್ ಅಥವಾ ಬೈಟ್ ಕ್ರಮ ತಪ್ಪು, ಇಲ್ಲವೇ ಆಫ್‌ಸೆಟ್ ಒಂದೆರಡು ಬೈಟ್ ಆಚೀಚೆ. 24 ಬಿಟ್ಟಿನ ರೆಕಾರ್ಡಿಂಗಾದರೆ ಎನ್‌ಕೋಡಿಂಗನ್ನೂ 24 ಬಿಟ್ ಮಾಡಿ, ಆಫ್‌ಸೆಟ್ 44, 45, 46 ಮೂರನ್ನೂ ಪರೀಕ್ಷಿಸಿ. ಮೊದಲಲ್ಲಿ ‘ಟಕ್’ ಎಂಬ ಸದ್ದು ಬಂದರೆ ಚಿಂತೆಯಿಲ್ಲ, ಕತ್ತರಿಸಿದರಾಯಿತು. ಕಾರ್ಡಿನಲ್ಲಿ ಕಡತವೇ ಕಾಣದಿದ್ದರೆ ಕಾರ್ಡ್ ತೆಗೆದಿಟ್ಟುಬಿಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ವೇವ್ ಕಡತಗಳನ್ನೂ ಹುಡುಕಿ ತೆಗೆಯುತ್ತದೆ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಬರೆಸಬೇಕು. ಎಸ್‌ಎಸ್‌ಡಿಯಿಂದ ಅಳಿಸಿದ ಕಡತ ಮಾತ್ರ ಮರಳಿ ಸಿಗುವುದು ಅಪರೂಪ, ಏಕೆಂದರೆ ಅಳಿಸಿದ ಜಾಗವನ್ನು ಟ್ರಿಮ್ ವ್ಯವಸ್ಥೆ ಬೇಗನೆ ಖಾಲಿ ಮಾಡಿಬಿಡುತ್ತದೆ.

ರೀಪರ್, ಪ್ರೊ ಟೂಲ್ಸ್ ಎಂಬ ಬೇರೆ ಧ್ವನಿ ಸಂಕಲನ ತಂತ್ರಾಂಶಗಳನ್ನು ಬಳಸುವವರ ಪಾಡು ಸ್ವಲ್ಪ ಮೇಲು. ಅಲ್ಲಿ ರೆಕಾರ್ಡಿಂಗ್ ಬೇರೆ ವೇವ್ ಕಡತಗಳಾಗಿ ಉಳಿಯುತ್ತದೆ, ಕೆಡುವುದು ಎಡಿಟ್ ಪಟ್ಟಿ. ಪ್ರೊ ಟೂಲ್ಸ್‌ನ ‘ಸೆಷನ್ ಫೈಲ್ ಬ್ಯಾಕಪ್ಸ್’ ಫೋಲ್ಡರಿನಲ್ಲಿ, ರೀಪರ್‌ನ ‘ಆರ್‌ಪಿಪಿ-ಬ್ಯಾಕ್’ ಕಡತದಲ್ಲಿ ಹಿಂದಿನ ಸ್ಥಿತಿ ಸಿಗುತ್ತದೆ. ಚೇತರಿಸಿಕೊಂಡ ಪ್ರಾಜೆಕ್ಟು ತೆರೆದೊಡನೆ ಮತ್ತೆ ಬಿದ್ದರೆ ಯಾವುದೋ ಪ್ಲಗ್ಇನ್ (ತಂತ್ರಾಂಶಕ್ಕೆ ಸೇರಿಸಿದ ಹೆಚ್ಚುವರಿ ಸಲಕರಣೆ) ಕಾರಣವಿರಬಹುದು. ಅದನ್ನು ಅದರ ಫೋಲ್ಡರಿನಿಂದ ತಾತ್ಕಾಲಿಕವಾಗಿ ಹೊರಗಿಟ್ಟು ತೆರೆದು ನೋಡಿ.

ಕೊನೆಯದಾಗಿ, ಜನಪದ ಹಾಡು, ಯಕ್ಷಗಾನ, ಮೌಖಿಕ ಇತಿಹಾಸಗಳ ದಾಖಲೀಕರಣಕ್ಕೆ ಹಣ ಕೊಡುವ ಅಕಾಡೆಮಿಗಳು, ವಿಶ್ವವಿದ್ಯಾಲಯಗಳಲ್ಲಿ ಒಂದು ಮನವಿ. ಹಾಡುವ ಅಜ್ಜಿಯನ್ನು ಮತ್ತೊಮ್ಮೆ ಹಾಡಿಸುವ ಅವಕಾಶ ಎಲ್ಲ ಸಲವೂ ಇರುವುದಿಲ್ಲ. ಎಡಿಟ್ ಮಾಡಿದ ಎಂಪಿ3ಯನ್ನಷ್ಟೇ ಕೇಳಿ ಪಡೆದು ಕಡತ ಮುಚ್ಚಬೇಡಿ. ಕತ್ತರಿ ಹಾಕುವ ಮೊದಲಿನ ಮೂಲ ವೇವ್ ಕಡತಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಸಲ್ಲಿಸಬೇಕೆಂದು ಒಪ್ಪಂದದಲ್ಲೇ ಬರೆಯಿರಿ. ಯೋಜನಾ ವೆಚ್ಚದಲ್ಲಿ ಒಂದು ಯುಪಿಎಸ್ ಮತ್ತು ಎರಡನೆಯ ಹಾರ್ಡ್‌ಡಿಸ್ಕಿಗೆ ಪ್ರತ್ಯೇಕ ಬಾಬ್ತು ಇಡಿ. ಈಗ ಆ ಖರ್ಚು ರೆಕಾರ್ಡ್ ಮಾಡುವವರ ಜೇಬಿನ ಮೇಲೆ ಬೀಳುವುದರಿಂದಲೇ ಅವರು ಅದನ್ನು ಮುಂದೂಡುತ್ತಾರೆ.

— ಧ್ವನಿ ಸಂಕಲನ ಕೆಲಸದಲ್ಲಿರುವ ಓದುಗರು