ಮಾತ್ರೆ ಬಿಟ್ಟವರ ಮನೆ ಭೇಟಿ: ಕಾರ್ಯಕರ್ತರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆ, ಹರಿಹರ, ಚನ್ನಗಿರಿ, ಜಗಳೂರು ಕಡೆ ಓಡಾಡುವವರು ಗಮನಿಸಿ. ಎಚ್‌ಐವಿ ಇದೆ ಅಂತ ಗೊತ್ತಾದರೂ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೆ ಹೋಗದವರು, ಮಾತ್ರೆ ಅರ್ಧಕ್ಕೇ ಬಿಟ್ಟವರ ಭೇಟಿ ಸೋಮವಾರದಿಂದ ಶುರು. ಶನಿವಾರ ಬೆಳಿಗ್ಗೆ 10ಕ್ಕೆ ಜಿಲ್ಲಾ ಆಸ್ಪತ್ರೆ ಗೇಟಿನ ಹತ್ತಿರ ಸೇರಿ ಊರು ಹಂಚಿಕೊಳ್ಳೋಣ.

ಯಾರ ಹೆಸರು, ಫೋಟೊ, ವಿಳಾಸವನ್ನೂ ಈ ಗುಂಪಿಗೆ ಹಾಕಲೇಬೇಡಿ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ವಿಷಯ ಬಯಲು ಮಾಡುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ. ಮನೆಯಲ್ಲಿ ಅವರೊಬ್ಬರೇ ಸಿಕ್ಕರೆ ಮಾತ್ರ ಮಾತು ತೆಗೆಯಿರಿ. ಅತ್ತೆಯೋ ಪಕ್ಕದ ಮನೆಯವರೋ ಇದ್ದರೆ ನೀರು ಕುಡಿದು, ಕ್ಷೇಮ ವಿಚಾರಿಸಿ ಬಂದುಬಿಡಿ, ಇನ್ನೊಂದು ದಿನ ಹೋದರಾಯಿತು.

ಯಾಕೆ ಬಿಟ್ಟಿರಿ ಅಂತ ದಯವಿಟ್ಟು ಬೈಯಬೇಡಿ. ಒಂದು ದಿನದ ಕೂಲಿ ತಪ್ಪುತ್ತೆ, ಬಸ್ ಚಾರ್ಜಿಗೆ ದುಡ್ಡಿಲ್ಲ, ಸಾಲಿನಲ್ಲಿ ಊರಿನವರು ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯ, ಇವು ಸಣ್ಣ ಕಾರಣಗಳಲ್ಲ. ಔಷಧ ಉಚಿತ, ಸಿಡಿ4 (ರಕ್ತದಲ್ಲಿರುವ ರೋಗನಿರೋಧಕ ಕಣಗಳ ಎಣಿಕೆ) ಎಷ್ಟಿದ್ದರೂ ಕೊಡುತ್ತಾರೆ, ದುಡಿಯಲು ಬೇರೆ ಜಿಲ್ಲೆಗೆ ಹೋದವರು ಅಲ್ಲಿನ ಕೇಂದ್ರಕ್ಕೇ ವರ್ಗ ಮಾಡಿಸಿಕೊಳ್ಳಬಹುದು ಅಂತ ತಿಳಿಸಿ. ಕೆಮ್ಮು, ಜ್ವರ ಇದ್ದರೆ ಟಿಬಿ ಪರೀಕ್ಷೆಗೂ ಕರೆತನ್ನಿ. ಉಚಿತ ಸಹಾಯವಾಣಿ 1097.

ಬರುವವರು ಶುಕ್ರವಾರ ಸಂಜೆಯೊಳಗೆ ‘ಬರುತ್ತೇನೆ’ ಅಂತ ಹಾಕಿ. ಚನ್ನಗಿರಿ ಕಡೆಗೆ ಮಹಿಳಾ ಕಾರ್ಯಕರ್ತೆಯರು ಇನ್ನಿಬ್ಬರು ಬೇಕು.