ಕೋವಿ ಎತ್ತುವ ಮುನ್ನ

'ಮನೆಗೆ ನುಗ್ಗಿದ ಕಳ್ಳನನ್ನು ಕೊಂದರೂ ಕೇಸಿಲ್ಲ' ಎಂಬ ಮಾತು ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಡೆ ಜೋರಾಗುತ್ತದೆ. ಇದು ಅರ್ಧ ಸತ್ಯ. ರಾತ್ರಿ ಕನ್ನ ಹಾಕುವವನ ವಿರುದ್ಧ ಸ್ವತ್ತಿನ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು ಎಂದು ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎನ್ನುವ 37ನೇ ಸೆಕ್ಷನ್ ಯಾರ ಬಾಯಲ್ಲೂ ಬರುವುದಿಲ್ಲ. ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬಡಿಯುವುದು ಯಾವ ರಕ್ಷಣೆ?

ಹೋದ ವರ್ಷ ನಡುರಾತ್ರಿ ನಮ್ಮ ಅಂಗಳದಲ್ಲಿ ಸದ್ದಾಯಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಕೈಗೆ ಬಂತು. ಟಾರ್ಚ್ ಬಿಟ್ಟರೆ ಅಡಿಕೆ ಚಪ್ಪರದ ಕೆಳಗೆ ಪಕ್ಕದ ಮನೆಯ ಹುಡುಗ! ತಾಯಿಗೆ ಎದೆನೋವೆಂದು ಜೀಪು ಕೇಳಲು ಓಡಿ ಬಂದವನು ನಮ್ಮ ನಾಯಿಗೆ ಹೆದರಿ ಉಸಿರು ಬಿಗಿಹಿಡಿದು ನಿಂತಿದ್ದ. ನನ್ನ ಬೆರಳು ಬೆಳಗಿನವರೆಗೂ ನಡುಗುತ್ತಿತ್ತು.

ಮಚ್ಚು ಬೀಸಿದವನಿಗೂ ಕೈ ಮುಗಿಯಿರಿ ಎನ್ನಲು ನಾನೇನು ಸನ್ಯಾಸಿಯಲ್ಲ. ಒಂಟಿ ಮನೆಯ ವೃದ್ಧರು 112ಕ್ಕೆ ಕರೆ ಮಾಡೋಣವೆಂದರೆ ಇಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ. ಕೊಯ್ಲಿನ ತಿಂಗಳುಗಳಲ್ಲಾದರೂ ಪೊಲೀಸರ ರಾತ್ರಿ ಗಸ್ತು ಮುಖ್ಯರಸ್ತೆ ಬಿಟ್ಟು ನಮ್ಮ ಮಣ್ಣಿನ ದಾರಿಗೂ ಇಳಿಯಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು